ದನದ ಗುಣ ನೋಡುವ ಡಾಕ್ಟರ್ರು

ಕೊರೊನಾ ಬರುವುದಕ್ಕೆ ಹಿಂದಿನ ಚಳಿಗಾಲ. ಡಚ್ಚರ ನಾಡಿನ ಕಾಪೆಲ್ಲೆ ಊರಿನ ಒಂದು ಬಾಡಿಗೆ ಹಾಲ್‌ನಲ್ಲಿ ನಮ್ಮ ಕನ್ನಡದವರೊಬ್ಬರ ಮಗಳ ಹುಟ್ಟುಹಬ್ಬ. ಕೇಕ್ ಮುಗಿದಿತ್ತು, ಪುಳಿಯೋಗರೆ ಮುಗಿದಿತ್ತು, ಹಾಲ್‌ನ ಬಾಡಿಗೆ ಅವಧಿಯೂ ಮುಗಿದಿತ್ತು. ಬಾಗಿಲಲ್ಲಿ ಡಚ್ ಮೇಲ್ವಿಚಾರಕ ಬೀಗದ ಕೈ ಕುಣಿಸುತ್ತಾ ನಿಂತಿದ್ದ. ಮಕ್ಕಳು ಮಾತ್ರ ಹೊರಗೆ ಹೋಗಲೊಲ್ಲವು. ತಾಯಂದಿರು ಕನ್ನಡದಲ್ಲಿ ಗದರಿದರು, ತಂದೆಯರು ಇಂಗ್ಲಿಷಿನಲ್ಲಿ ಪುಸಲಾಯಿಸಿದರು, ಮಕ್ಕಳು ಡಚ್ಚಿನಲ್ಲಿ ಇಲ್ಲ ಎಂದು ಕಿರುಚಿ ಇನ್ನೊಂದು ಸುತ್ತು ಓಡಿದವು. ಆಗ ಗೋಡೆಗೆ ಒರಗಿ ನಿಂತಿದ್ದ ಎತ್ತರದ ಮನುಷ್ಯರೊಬ್ಬರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಧಾನವಾಗಿ ಬಂದರು. ನೇರವಾಗಿ ಬರಲಿಲ್ಲ, ಬಳಸಿಕೊಂಡು ಬಂದರು. ಒಂದು ಕಡೆ ಓರೆಯಾಗಿ ನಿಂತರು. ಎರಡು ಹೆಜ್ಜೆ ಮುಂದಿಟ್ಟರು, ಒಂದು ಹೆಜ್ಜೆ ಹಿಂದೆ ಸರಿದರು. ಅಷ್ಟೂ ಮಕ್ಕಳು ತಮಗೇ ಹೊಳೆಯಿತೆಂಬಂತೆ ಬಾಗಿಲ ಕಡೆ ತಿರುಗಿ ಹೊರಟುಹೋದವು.

ನಾನು ಬೆಪ್ಪಾಗಿ ಅವರ ಹತ್ತಿರ ಹೋದೆ. "ಏನ್ ಮಾಡಿದ್ರಿ ಸರ್?"

"ಏನೂ ಇಲ್ಲ ತಮ್ಮಾ. ಹಿಂದ ನಿಂತು ನೂಕಿದ್ರ ಯಾರೂ ಹೋಗೂದಿಲ್ಲ. ಹೆಗಲಿನ ಬಾಜೂಕ ನಿಂದರಬೇಕು. ಅವ ತಾವ ಮುಂದ ಹೋಗತಾವು."

"ಮಕ್ಕಳ ಸೈಕಾಲಜಿನಾ?"

"ಅಲ್ಲ, ದನದ್ದು" ಎಂದರು, ನಗದೆ.

ನಮ್ಮ ಮಕ್ಕಳನ್ನು ದನ ಅಂದರಲ್ಲ ಎಂದು ನನ್ನ ಹೆಂಡತಿ ಮನೆಗೆ ಬರುವವರೆಗೂ ಸಿಡಿಮಿಡಿಗುಟ್ಟಿದಳು. ಮುಂದಿನ ಹುಟ್ಟುಹಬ್ಬಕ್ಕೆ ಅವರನ್ನು ತಪ್ಪದೆ ಕರೆಯಬೇಕೆಂದು ಹೇಳಿದವಳೂ ಅವಳೇ.

ಎಲ್ಲರೂ ಅವರನ್ನು ಡಾಕ್ಟರ್ರು ಎನ್ನುತ್ತಿದ್ದರು. ಹೊಸಬರು ಬಿ.ಪಿ. ಮಾತ್ರೆಯ ವಿಷಯ ಕೇಳಲು ಹೋಗಿ ಪೆಚ್ಚಾಗುತ್ತಿದ್ದರು. ಬಾಗಲಕೋಟೆ ಕಡೆಯ ಪಶುವೈದ್ಯರು. ಓದಲು ಬಂದು ಇಲ್ಲೇ ಉಳಿದವರು. ನಮ್ಮ ಮನೆಯಿಂದ ಎರಡು ಬೀದಿ ಆಚೆ ಒಬ್ಬರೇ ಇದ್ದರು. ಮಾಂಸಕ್ಕಾಗಿ ದನ ಸಾಕುವ ಕೆಲವು ರೈತರು ಸೇರಿ ಮಾಡಿಕೊಂಡ ಒಂದು ತಳಿ ಸಂಘದಲ್ಲಿ ಅವರ ಕೆಲಸ. ಯಾವ ಹಸುವಿನ ಸ್ವಭಾವ ಎಂಥದು, ಯಾವುದರ ಕರು ಎಷ್ಟು ಚುರುಕು ಎಂದು ನೋಡಿ, ಯಾವುದನ್ನು ಸಂತಾನಕ್ಕೆ ಉಳಿಸಿಕೊಳ್ಳಬೇಕು, ಯಾವುದನ್ನು ಕಳಿಸಿಬಿಡಬೇಕು ಎಂದು ಹೇಳುವುದು. ಕಳಿಸುವುದು ಎಂದರೆ ಎಲ್ಲಿಗೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಇಂಥ ಕೆಲಸದ ಮನುಷ್ಯ ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿ ಎನ್ನುವುದು ನಮ್ಮ ಊಟದ ಪಂಕ್ತಿಗಳಲ್ಲಿ ಉಪ್ಪಿನಕಾಯಿಯಷ್ಟೇ ಖಾಯಂ ಆಗಿದ್ದ ವಿಷಯ. ಒಮ್ಮೆ ಒಬ್ಬರು ಎಲ್ಲರೆದುರಿಗೆ ಕೇಳಿಯೇಬಿಟ್ಟರು, "ಸರ್, ಹೆಂಗೆ ಮನಸ್ಸು ಬರುತ್ತೆ ನಿಮ್ಗೆ?"

ಡಾಕ್ಟರ್ರು ತಟ್ಟೆಯಿಂದ ತಲೆ ಎತ್ತಿದರು. "ಅದರ ಕೊನಿ ನನ್ನ ಕೈಯಾಗಿಲ್ರಿ. ಇರೂತನಕ ಅಂಜಿಕೋತ ಬದುಕಬಾರದು. ಅಷ್ಟ ನನ್ನ ಕೆಲಸ." ಹಾಗೆಂದು ಇನ್ನೊಂದು ಸೌಟು ಚಿತ್ರಾನ್ನ ಬಡಿಸಿಕೊಂಡರು. ವಾದಕ್ಕೆ ಬಂದವರ ಜೊತೆ ವಾದಕ್ಕೆ ಇಳಿಯದೆ ಇರುವುದನ್ನು ನಾನು ಅವರಿಂದ ಕಲಿಯಬೇಕೆಂದುಕೊಂಡೆ. ಇನ್ನೂ ಕಲಿತಿಲ್ಲ.

ಒಂದು ಭಾನುವಾರ ನನ್ನನ್ನೂ ಜೊತೆಗೆ ಕರೆದುಕೊಂಡು ಹೋದರು. ಐಸೆಲ್ ನದಿಯ ಏರಿ ದಾಟಿದರೆ ನೀರು ಬಸಿದು ಮಾಡಿದ ತಗ್ಗಿನ ಹಸಿರು ಬಯಲು, ಪೋಲ್ಡರ್, ಅಲ್ಲಿ ಕೋರಿ ಎಂಬ ಎಪ್ಪತ್ತರ ಹತ್ತಿರದ ಹೆಂಗಸಿನ ಸಣ್ಣ ಮಂದೆ. ಕೋರಿಯ ಹುಲ್ಲುಗಾವಲಿನ ಅಂಚಿಗೇ ಊರವರು ವಾಕಿಂಗ್ ಹೋಗುವ ಕಾಲುದಾರಿ. ಡಾಕ್ಟರ್ರು ಒಂದೊಂದೇ ಹಸುವಿನತ್ತ ಕೈ ಇಳಿಬಿಟ್ಟುಕೊಂಡು ನಡೆಯುತ್ತಿದ್ದರು. ಎಷ್ಟು ಹತ್ತಿರ ಹೋದರೆ ಅದು ತಲೆ ಎತ್ತುತ್ತದೆ, ಎಷ್ಟು ಹತ್ತಿರ ಹೋದರೆ ಸರಿಯುತ್ತದೆ, ಸರಿಯುವಾಗ ನಡೆಯುತ್ತದೋ ಓಡುತ್ತದೋ, ಎಲ್ಲ ನೋಡುತ್ತಿದ್ದರು. ಆಮೇಲೆ ಆ ಬೆಳಿಗ್ಗೆ ಹುಟ್ಟಿದ ಕರುವೊಂದರ ಬಾಯಿಗೆ ಬೆರಳಿಟ್ಟರು. ಅದು ಚೀಪಿದ ರಭಸಕ್ಕೆ ಅವರ ಮುಖ ಅರಳಿತು.

"ಇದಕ್ಕ ಕಸುವು ಅಂತಾರ. ಗುಣ ಮತ್ತ ಕಸುವು, ಎರಡೂ ನೋಡಬೇಕು ತಮ್ಮಾ. ಬರೇ ಸಾಧು ಹಸು ಸಾಧು ಹಸು ಅಂತ ಆರಿಸಿಕೋತ ಹೋದ್ರ, ಕರು ಬಿದ್ದಿದ್ರೂ ಹೊಳ್ಳಿ ನೋಡದಂಥಾ ತಾಯಂದಿರು ಉಳೀತಾವು. ಬರೇ ಕಸುವು ನೋಡಿದ್ರ, ಕೋರಿಬಾಯಿ ಪಕ್ಕೆಲುಬು ಮುರೀತಾವು."

ಆ ಚುರುಕಿನ ಕರುವಿನ ತಾಯಿ ಗ್ರೀತ್. ಇಟ್ಟಿಗೆ ಬಣ್ಣ, ಅಗಲ ಹಣೆ. ವರ್ಷ ವರ್ಷವೂ ಅದರ ಕರುಗಳೇ ಎಲ್ಲಕ್ಕಿಂತ ಮೊದಲು ಎದ್ದು ನಿಲ್ಲುತ್ತಿದ್ದವು. ಮನುಷ್ಯರನ್ನು ಕಂಡರೆ ಮಾತ್ರ ಅದಕ್ಕೆ ಆಗದು. ಕರುವನ್ನು ಪಕ್ಕಕ್ಕಿಟ್ಟುಕೊಂಡು ದೂರ ಹೋಗಿ ನಿಲ್ಲುತ್ತಿತ್ತು. ಡಾಕ್ಟರ್ರಿಗೆ ಅದು ಅಚ್ಚುಮೆಚ್ಚು. "ನೋಡು, ತಾನಾಗಿ ಮೈಮ್ಯಾಲೆ ಬರೂದಿಲ್ಲ, ನಮ್ಮನ್ನೂ ಮೈಮ್ಯಾಲೆ ಬಿಟ್ಕೊಳ್ಳೂದಿಲ್ಲ. ಮನಷ್ಯಾರಾಗ ಇಂಥಾವ್ರು ಎಷ್ಟು ಮಂದಿ ಸಿಗತಾರ?" ಎಂದರು. ಅವರೂ ಅದೇ ಪೈಕಿ ಎಂದು ಹೇಳಬೇಕೆನ್ನಿಸಿತು, ಧೈರ್ಯ ಬರಲಿಲ್ಲ.

ಆಮೇಲೆ ಕೊರೊನಾ ಬಂತು. ಮೈಸೂರಿನಿಂದ ಚಳಿಗಾಲದ ಕೊನೆಗೆ ಮೊಮ್ಮಕ್ಕಳನ್ನು ನೋಡಲು ಬಂದಿದ್ದ ಅಮ್ಮ ವಿಮಾನ ನಿಂತು ನಮ್ಮಲ್ಲೇ ಸಿಕ್ಕಿಹಾಕಿಕೊಂಡರು. ನಾನೂ ಹೆಂಡತಿಯೂ ಒಂದೊಂದು ಕೋಣೆಯಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತೆವು. ಮಕ್ಕಳು ಟ್ಯಾಬ್ ಹಿಡಿದರು. ಅಮ್ಮ ಹಾಲ್‌ನ ನಡುವೆ ಟಿ.ವಿ. ಸದ್ದನ್ನೂ ಮಾಡಲಾಗದೆ ಕೂತರು. ಮೈಸೂರಿನಲ್ಲಿ ಅಮ್ಮನಿಗೆ ಒಂದು ರೂಢಿಯಿತ್ತು. ಬೆಳಿಗ್ಗೆಯ ಮೊದಲ ಚಪಾತಿ ಗೋಗ್ರಾಸ. ಬೀದಿಯ ಹಸುವೊಂದು ಗೇಟಿನ ಹತ್ತಿರ ಬಂದು ನಿಂತು ಅದನ್ನು ತಿಂದುಕೊಂಡು ಹೋಗುತ್ತಿತ್ತು. ಇಲ್ಲಿ ಆ ಮೊದಲ ಚಪಾತಿ ಮಧ್ಯಾಹ್ನದ ತನಕ ತಟ್ಟೆಯಲ್ಲಿ ಉಳಿದು, ಒಣಗಿ, ಕೊನೆಗೆ ಕಸದ ಡಬ್ಬಿಗೆ ಹೋಗುವಾಗ ಅಮ್ಮ ಮುಖ ಆಚೆ ತಿರುಗಿಸುತ್ತಿದ್ದರು.

ಹಸು ಮನೆಗೆ ಬಾರದಿದ್ದರೆ ತಾನೇ ಹಸುವಿದ್ದಲ್ಲಿಗೆ ಹೋಗಬಹುದಲ್ಲ ಎಂದು ಅಮ್ಮನಿಗೆ ಹೊಳೆದದ್ದು ಯಾವಾಗ ಎಂದು ನಮಗೆ ತಿಳಿಯಲಿಲ್ಲ. ಬೆಳಿಗ್ಗೆ ವಾಕಿಂಗ್ ಹೋಗುತ್ತಿದ್ದಾರೆ, ಒಳ್ಳೆಯದೇ ಎಂದುಕೊಂಡೆವು. ಒಂದು ದಿನ ನಾನೂ ಜೊತೆಗೆ ಹೋದೆ. ಕೋರಿಯ ಬೇಲಿಯ ಹತ್ತಿರ ಸೀರೆಯ ಮೇಲೆ ಸ್ವೆಟರ್, ಅದರ ಮೇಲೆ ಮೆರೂನ್ ಶಾಲು ಹೊದ್ದ ಅಮ್ಮ "ಕೆಂಪೀ" ಎಂದು ಕರೆದರು. ಯಾರಿಗೂ ಹತ್ತಿರ ಬಾರದ ಗ್ರೀತ್ ಕರುವಿನ ಸಮೇತ ಕುಣಿಯುವ ಹೆಜ್ಜೆಯಲ್ಲಿ ಬಂದು ತಂತಿಯ ಮೇಲಿಂದ ಕತ್ತು ಚಾಚಿತು. ಅಮ್ಮ ತುಪ್ಪ ಬೆಲ್ಲ ಸವರಿದ ಚಪಾತಿಯನ್ನು ಅದರ ಬಾಯಿಗೆ ಕೊಟ್ಟು, ಹಣೆ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಆ ತಿಂಗಳುಗಳಲ್ಲಿ ಅಮ್ಮನ ಮುಖದಲ್ಲಿ ನಗು ಕಂಡದ್ದು ಅಲ್ಲೇ. ನನಗೆ ಖುಷಿಯಾಯಿತು. ಒಂದು ಫೋಟೋ ತೆಗೆದು ಮೈಸೂರಿನ ಅಕ್ಕನಿಗೆ ಕಳಿಸಿದೆ.

ಊರವರಿಗೆಲ್ಲ ಆ ಬೇಸಿಗೆಯಲ್ಲಿ ಇದ್ದದ್ದು ವಾಕಿಂಗ್ ಒಂದೇ. ಎಂದೂ ಪೋಲ್ಡರಿಗೆ ಕಾಲಿಡದವರು ನಾಯಿ, ಮಗು, ತಿಂಡಿಯ ಡಬ್ಬಿ ಸಮೇತ ಬರತೊಡಗಿದರು. ದಾರಿ ಒಂದು ಕಡೆ ಹುಲ್ಲುಗಾವಲಿನ ಒಳಗಿಂದಲೇ ಹಾಯುತ್ತದೆ. ಸಣ್ಣ ಗೇಟು ತೆಗೆದು ದಾಟಿ ಹೋಗಬೇಕು. ಹಾಗೆ ದಾಟುತ್ತಿದ್ದ ಹೆಂಗಸೊಬ್ಬಳು ಚೀಲದಿಂದ ಬ್ರೆಡ್ ತೆಗೆದಳು. ಗ್ರೀತ್ ನೇರವಾಗಿ ಅವಳ ಹತ್ತಿರ ಬಂತು. ಅವಳು ಹೆದರಿ ಚೀಲ ಬೀಸಿದಳು. ಪಕ್ಕದಲ್ಲಿ ಕರುವಿತ್ತು. ಗ್ರೀತ್ ಹಣೆಯಿಂದ ಒಂದೇ ಸಲ ನೂಕಿತು. ಹೆಂಗಸು ಕಾಲುವೆಯ ಅಂಚಿಗೆ ಹೋಗಿ ಬಿದ್ದಳು, ಮುಂಗೈ ಮುರಿಯಿತು.

ಅಂದು ಸಂಜೆ ಡಾಕ್ಟರ್ರು ನನಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದರು. ಮನುಷ್ಯರ ಮೇಲೆ ಬಂದ ಹಸು ಮಂದೆಯಲ್ಲಿ ಇರಬಾರದು ಎನ್ನುವುದು ಸಂಘದ ನಿಯಮ. ಮಾಡಿಸಿದವರು ಅವರೇ.

"ಬೇರೆ ಎಲ್ಲಾದ್ರೂ ಕಳಿಸೋಕಾಗಲ್ವಾ ಸರ್? ಜನ ಓಡಾಡದ ಕಡೆ?"

"ಈ ದೇಶದಾಗ ಮಂದಿ ಅಡ್ಡಾಡದ ಹೊಲ ಎಲ್ಲೈತಿ? ಅಂಜೂ ದನ ದೂರ ಇರತೈತಿ ತಮ್ಮಾ. ಅಂಜಿಕಿ ಬಿಟ್ಟ ದನ ಹತ್ರ ಬರತೈತಿ. ಪ್ರೀತೀಲೆ ಬಂದ್ರೂ ಅದು ಏಳುನೂರು ಕಿಲೋ ಪ್ರೀತಿ. ಇವತ್ತ ಕೈ ಮುರದೈತಿ. ನಾಳಿ ಸಣ್ಣ ಕೂಸು ಇದ್ರ?"

ಅದರ ಅಂಜಿಕೆ ಬಿಡಿಸಿದ್ದು ಅಮ್ಮನ ಚಪಾತಿಯೇ ಎಂದು ನನಗೆ ಅರ್ಥವಾಯಿತು. "ಅಮ್ಮಂಗೆ ಹೇಳಬೇಡಿ ಸರ್. ಮಾರಿದ್ರು ಅಂತಲೋ, ಬೇರೆ ಊರಿಗೆ ಹೋಯ್ತು ಅಂತಲೋ ಹೇಳೋಣ. ಹೇಗೂ ಸ್ವಲ್ಪ ದಿನದಲ್ಲಿ ಊರಿಗೆ ಹೋಗ್ತಾರೆ."

"ನಾಳಿ ಏರಿ ಮ್ಯಾಲೆ ಕರಕೊಂಡು ಬಾ ಅವರನ್ನ" ಎಂದಷ್ಟೇ ಹೇಳಿದರು.

ಏರಿಯ ಮೇಲಿನ ಬೆಂಚಿನ ಈ ತುದಿಗೆ ಅಮ್ಮ ಕೂತರು. ಡಾಕ್ಟರ್ರು ಕೊರೊನಾ ನಿಯಮದ ಒಂದೂವರೆ ಮೀಟರ್ ಬಿಟ್ಟು ಹುಲ್ಲಿನ ಮೇಲೆ ಕೂತರು. ಹಾಗಾಗಿ ಅಮ್ಮನ ಮುಖ ನೋಡಲು ಅವರು ತಲೆ ಎತ್ತಬೇಕಿತ್ತು. ಸುತ್ತಿ ಬಳಸಿ ನಡೆಯುವ ಆ ಮನುಷ್ಯ ಮಾತನ್ನು ಮಾತ್ರ ಎಂದೂ ಸುತ್ತಿ ಬಳಸಿದವರಲ್ಲ. ಎಲ್ಲ ಹೇಳಿದರು. ಹಸು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಹೇಳಿದರು. ನಾನು ನದಿ ನೋಡುತ್ತಾ ನಿಂತಿದ್ದೆ. ಅವರ ಮೇಲೆ ಕೆಟ್ಟ ಸಿಟ್ಟು ಬಂದಿತ್ತು.

ಅಮ್ಮ ಕೇಳಿದರು, "ನನ್ನಿಂದ ಆಯ್ತಾ ಡಾಕ್ಟರ್ರೇ?"

ಇಲ್ಲಮ್ಮಾ ಎಂದುಬಿಡಿ ಸರ್ ಎಂದು ನನ್ನ ಮನಸ್ಸು ಕೂಗುತ್ತಿತ್ತು.

"ಅರ್ಧ ನಿಮ್ಮಿಂದ ಅಮ್ಮಾರ. ಅರ್ಧ ನನ್ನಿಂದ. ನೀವು ತಿನಸೂದನ್ನ ನಾ ಮೊದಲ ದಿನಾನ ನೋಡಿದ್ನಿ. ಕಾರ್ ನಿಲ್ಲಿಸಿ ನೋಡಿದ್ನಿ. ಬ್ಯಾಡ್ರಿ ಅಂತ ಹೇಳೂದು ನನ್ನ ಕೆಲಸ ಇತ್ತು. ನಮ್ಮವ್ವನೂ ಮೊದಲನೇ ರೊಟ್ಟಿ ತಗದಿಡತಿದ್ಲು. ನೀವು ಕಣ್ಣಿಗೆ ಒತ್ತಿಕೊಂಡದ್ದು ನೋಡಿ ಹೇಳಾಕ ಬಾಯಿ ಬರಲಿಲ್ಲ."

ಯಾವ ಹಸುವಿನ ಯಾವ ನಡೆಯೂ ತಪ್ಪಿಸಿಕೊಳ್ಳದ ಕಣ್ಣು ಅದು. ನೋಡಿಯೂ ಸುಮ್ಮನಿದ್ದದ್ದು ಆ ಒಂದು ಸಲ. ಅದನ್ನು ಅವರು ನನಗೆ ಹೇಳಿರಲಿಲ್ಲ, ಕೋರಿಗೂ ಹೇಳಿರಲಿಲ್ಲವಂತೆ. ಅಮ್ಮನಿಗೇ ಮೊದಲು ಹೇಳಬೇಕೆಂದು ಕಾದಿದ್ದರು.

ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. ಡಾಕ್ಟರ್ರು ಇನ್ನೂ ಎದ್ದಿರಲಿಲ್ಲ. "ಇನ್ನೊಂದು ಕೇಳೂದೈತಿ. ಸಿಟ್ಟಾಗಬ್ಯಾಡ್ರಿ. ನಾಳಿ ಮುಂಜಾನಿ ಲಾರಿ ಬರತೈತಿ. ಅದು ಹತ್ತೂದಿಲ್ಲ. ಬಡಿಗಿ ತಗೊಂಡು ಹತ್ತಸತಾರ, ಅಂಜತೈತಿ, ಕಾಲು ಜಾರತೈತಿ. ನೀವು ಚಪಾತಿ ಮಾಡಿಕೊಟ್ರ ಅದು ತಾನ ಹತ್ತತೈತಿ."

ಅಮ್ಮ ಎದ್ದು ನಿಂತರು. ನನ್ನ ಅಪ್ಪನ ಮೇಲೂ ಅಮ್ಮ ಅಷ್ಟು ಜೋರು ಮಾಡಿದ್ದನ್ನು ನಾನು ಕಂಡಿಲ್ಲ. "ದೇವರಿಗೆ ಅಂತ ತೆಗೆದಿಟ್ಟಿದ್ದರಲ್ಲಿ ಮೋಸ ಮಾಡಿಸ್ತೀರಾ ನನ್ ಕೈಲಿ?"

"ಮೋಸಾನ ಅಮ್ಮಾರ. ಅಲ್ಲ ಅನ್ನೂದಿಲ್ಲ. ಆದ್ರ ಕೈ ನಂದಿರಲಿ. ನೀವು ಮಾಡಿಕೊಡ್ರಿ, ಸಾಕು. ಮತ್ತ ನಿಮ್ಮ ಶಾಲೂ ಕೊಡ್ರಿ. ನನ್ನ ಕೈಯಾಗಿಂದ ಅದು ತಿಂದಿಲ್ಲ, ಹೊಸಬ ಅನ್ನಬಾರದು."

ಅಮ್ಮ ಶಾಲನ್ನು ಬಿಗಿಯಾಗಿ ಹೊದ್ದುಕೊಂಡು ಮನೆಗೆ ಬಂದರು. ರಾತ್ರಿ ಊಟ ಮಾಡಲಿಲ್ಲ. "ಎಂಥಾ ಕಲ್ಲೆದೆ ಮನುಷ್ಯ" ಎಂದು ನನ್ನ ಹೆಂಡತಿ ಹೇಳಿದಳು, ನಾನು ಹೌದೆಂದೆ. ಆದರೆ ಬೆಳಿಗ್ಗೆ ಎದ್ದಾಗ ಅಡುಗೆಮನೆಯಲ್ಲಿ ತುಪ್ಪದ ವಾಸನೆ. ಅಮ್ಮ ಸ್ನಾನ ಮಾಡಿ ಚಪಾತಿ ಲಟ್ಟಿಸುತ್ತಿದ್ದರು. ಸ್ಟೀಲ್ ಡಬ್ಬಿ, ಮಡಿಸಿದ ಶಾಲು, ಎರಡನ್ನೂ ನನ್ನ ಕೈಗಿಟ್ಟು, "ಬಡಿಗೆ ಮುಟ್ಟಿಸಬಾರದು ಅಂತ ಹೇಳು" ಎಂದರು.

ಆರಡಿ ಮೀರಿದ ಆ ಮನುಷ್ಯ, ಗಂಬೂಟು ಹಾಕಿ, ಹೆಂಗಸರ ಮೆರೂನ್ ಶಾಲು ಹೊದ್ದು, ಡಬ್ಬಿ ಹಿಡಿದು ನಿಂತದ್ದನ್ನು ಕಂಡು ಲಾರಿಯವನಿಗೆ ನಗು ಬಂತು. ಕೋರಿ ಅವನನ್ನು ದುರುಗುಟ್ಟಿಕೊಂಡು ನೋಡಿದಳು. ಅವಳ ಕಣ್ಣು ಕೆಂಪಾಗಿತ್ತು. ಗ್ರೀತ್ ಅವಳ ಕೊಟ್ಟಿಗೆಯಲ್ಲೇ ಹುಟ್ಟಿದ್ದು. ಡಾಕ್ಟರ್ರು "ಕೆಂಪೀ" ಎಂದು ಕರೆದರು, ಅಮ್ಮನ ಹಾಗೆಯೇ ಕೊನೆಯನ್ನು ಎಳೆದು. ಹಸು ಬಂತು. ಹಿಂದಕ್ಕೆ ಹಿಂದಕ್ಕೆ ಹೆಜ್ಜೆಯಿಟ್ಟು ಅವರು ಲಾರಿಯ ಇಳಿಜಾರಿನ ಹಲಗೆ ಹತ್ತಿದರು. ಅದು ಒಂದೊಂದೇ ತುಂಡು ತಿನ್ನುತ್ತಾ ಹಿಂಬಾಲಿಸಿತು. ಹಸುವಿನ ಜೊತೆಗೇ ಬರುತ್ತೇನೆಂದು ಅವರು ಇಳಿಯಲಿಲ್ಲ. ಲಾರಿಯವನು ಆಗುವುದಿಲ್ಲವೆಂದು ತಕರಾರು ಮಾಡಿದ. ಕೊನೆಗೆ ಅವನ ಪಕ್ಕದ ಸೀಟಿನಲ್ಲಿ ಕೂತು ಹೊರಟರು. ಅಷ್ಟು ವರ್ಷಗಳಲ್ಲಿ ಅವರು ಹಾಗೆ ಕೊನೆಯ ತನಕ ಹೋದದ್ದಿಲ್ಲ ಎಂದು ಕೋರಿ ಆಮೇಲೆ ನನಗೆ ಹೇಳಿದಳು.

ಮಧ್ಯಾಹ್ನ ನಮ್ಮ ಬಾಗಿಲ ಹೊರಗೆ ದೂರದಲ್ಲಿ ನಿಂತು ಡಬ್ಬಿಯನ್ನೂ ಶಾಲನ್ನೂ ಮೆಟ್ಟಿಲ ಮೇಲಿಟ್ಟರು. "ಅಂಜಲಿಲ್ರಿ ಅಮ್ಮಾರ. ಇಳಿಯೂಮುಂದೂ ಅಂಜಲಿಲ್ಲ." ಒಂದು ಚಪಾತಿ ಉಳಿದಿತ್ತಂತೆ, ಚೆಲ್ಲಲು ಮನಸ್ಸು ಬಾರದೆ ತಾವೇ ತಿಂದರಂತೆ. ಕಲ್ಲೆದೆ ಎಂದಿದ್ದ ನನ್ನ ಹೆಂಡತಿ ಒಳಗೆ ಹೋಗಿ ಕಣ್ಣೊರೆಸಿಕೊಂಡಳು. ಅಮ್ಮ ಮಾತ್ರ ಬಾಗಿಲಲ್ಲೇ ನಿಂತು ಕೇಳಿದರು, "ಕರು?"

"ಇರತೈತಿ. ಕಸುವಿನ ಕರು ಅದು. ಗುಣ ನೋಡಬೇಕು" ಎಂದರು. ಹೇಳಲೋ ಬೇಡವೋ ಎಂದು ತಡೆದು, ಆಮೇಲೆ ಹೇಳಿಯೇಬಿಟ್ಟರು. "ತಾಯಿ ಜೋಡಿ ಬಂದು ಅದೂ ಬೇಲಿಗೆ ಬರೂ ರೂಢಿ ಮಾಡ್ಕೊಂಡೈತಿ."

ಅವರ ವಿಷಯ ಬರೆಯಬೇಕೆಂದು ಈಗ ಅನ್ನಿಸಿದ್ದಕ್ಕೆ ಕಾರಣವಿದೆ. ಹೋದ ತಿಂಗಳು ಅವರು ನಿವೃತ್ತರಾಗಿ, ಮನೆ ಖಾಲಿ ಮಾಡಿ, ಉತ್ತರದ ಕಡೆಯ ಯಾವುದೋ ಹಳ್ಳಿಗೆ ಹೋದರು. ಬೀಳ್ಕೊಡುಗೆ ಬೇಡವೆಂದರು. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಯಾರೋ 'ಮೃದು ಸ್ವಭಾವದ ವ್ಯಕ್ತಿ' ಎಂದು ಬರೆದರು, ಇನ್ನಿಪ್ಪತ್ತು ಜನ ಕೈಮುಗಿಯುವ ಚಿತ್ರ ಹಾಕಿದರು. ನನಗೆ ಸಮಾಧಾನವಾಗಲಿಲ್ಲ. ಮೃದು ಅಲ್ಲ ಅವರು. ಅವರನ್ನು ನೆನೆದಾಗ ನನ್ನ ಕಣ್ಣಿಗೆ ಬರುವುದು ಅಮ್ಮ ಊರಿಗೆ ಹೊರಡುವ ಹಿಂದಿನ ದಿನದ ಸಂಜೆ.

ವಿಮಾನಕ್ಕೆ ಸೀಟು ಸಿಕ್ಕಿತ್ತು. ಸಾಮಾನು ಕಟ್ಟಿಯಾಗಿತ್ತು. ಅಮ್ಮ ಒಂದು ಸಲ ಪೋಲ್ಡರಿಗೆ ಹೋಗಿ ಬರೋಣ ಎಂದರು. ಮಳೆ ಬರುವ ಹಾಗಿದ್ದುದರಿಂದ ಕೈಯಲ್ಲಿ ಕೊಡೆ ಇತ್ತು, ಚಪಾತಿ ಇರಲಿಲ್ಲ. ಡಾಕ್ಟರ್ರು ಹುಲ್ಲುಗಾವಲಿನ ಆಚೆ ತುದಿಯಲ್ಲಿ ಕರುಗಳನ್ನು ನೋಡುತ್ತಿದ್ದರು. ನಾವು ಬೇಲಿಯ ಹತ್ತಿರ ನಿಂತದ್ದೇ ತಡ, ಗ್ರೀತ್‌ನ ಇಟ್ಟಿಗೆ ಬಣ್ಣದ ಹೆಣ್ಣು ಕರು ಮಂದೆ ಬಿಟ್ಟು ಓಡಿ ಬಂತು. ತಂತಿಯ ಸಂದಿಯಿಂದ ಮೂತಿ ತೂರಿಸಿ ಅಮ್ಮನ ಬೆರಳು ನೆಕ್ಕಿತು.

ಅಮ್ಮ ಕೈ ಹಿಂದಕ್ಕೆಳೆದುಕೊಂಡರು. "ಹೋಗು" ಎಂದರು ಮೆಲ್ಲಗೆ. ಕರು ಇನ್ನಷ್ಟು ಕತ್ತು ಚಾಚಿತು.

ಆಗ ಅಮ್ಮ ಕೊಡೆಯನ್ನು ಅದರ ಮುಖದೆದುರು ಫಟ್ಟನೆ ಬಿಚ್ಚಿದರು. "ಹೋಗೂ! ಬರಬೇಡ! ನನ್ ಹತ್ರ ಅಲ್ಲ, ಯಾರ್ ಹತ್ರಾನೂ ಬರಬೇಡ!" ಕರು ಚಂಗನೆ ಹಾರಿ ಓಡಿತು. ಸ್ವಲ್ಪ ದೂರದಲ್ಲಿ ನಿಂತು ತಿರುಗಿ ನೋಡಿತು. ಇನ್ನೊಮ್ಮೆ ಹೆದರಿ ಹೆದರಿ ಅರ್ಧ ದಾರಿ ಬಂತು. ಅಮ್ಮ ಮತ್ತೆ ಕೊಡೆ ಬೀಸಿ ಕೂಗಿದರು, ಚಪ್ಪಲಿಯಿಂದ ನೆಲ ಬಡಿದರು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಕರು ಮಂದೆಯೊಳಗೆ ಸೇರಿಕೊಂಡಿತು. ಅಮ್ಮ ಇನ್ನೂ ಕೂಗುತ್ತಲೇ ಇದ್ದರು.

ಡಾಕ್ಟರ್ರು ಹುಲ್ಲುಗಾವಲು ದಾಟಿ ಬಂದರು. ಅಂದು ಬಳಸಿಕೊಂಡು ಬರಲಿಲ್ಲ, ನೆಟ್ಟಗೆ ಬಂದರು. ತಲೆಯ ಉಲನ್ ಟೋಪಿ ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡು ಬೇಲಿಯ ಆಚೆ ನಿಂತರು. ಮಂದೆಯೊಳಗೆ ಸೇರಿದ ಕರುವನ್ನು ಒಮ್ಮೆ ತಿರುಗಿ ನೋಡಿ ಹೇಳಿದರು.

"ಸಾಕ್ರೀ ಅಮ್ಮಾರ. ಅಂಜಿತು. ಇನ್ನ ಬದುಕತೈತಿ."